ಕಳಕಪ್ಪನ ಎಡಗಡೆ ಪಾಟಾ

ಜೀಪಿಲ್ಲದ ಡ್ರೈವರ್ ಎಂಬ ಹುದ್ದೆ ಸರಕಾರದ ಯಾವ ನಿಯಮದಲ್ಲೂ ಇಲ್ಲ. ಆದರೂ ಎರಡು ಸಾವಿರದ ಒಂದನೇ ಇಸವಿಯಲ್ಲಿ ಮುನಿರಾಬಾದಿನ ನಮ್ಮ ಕಚೇರಿಯಲ್ಲಿ ಅಂಥದೊಂದು ಹುದ್ದೆ ಇತ್ತು, ಅದರಲ್ಲಿ ಕಳಕಪ್ಪ ಇದ್ದ. ಹಳೆಯ ಜೀಪನ್ನು ಹರಾಜಿನಲ್ಲಿ ಗುಜರಿಯವರು ಎಳೆದುಕೊಂಡು ಹೋದರು. ಸಾಹೇಬರಿಗೆ ಬಾಡಿಗೆ ಕಾರು ಬಂತು, ಕಾರಿನ ಜೊತೆಗೆ ಅದರ ಡ್ರೈವರೂ ಬಂದ. ಕಳಕಪ್ಪನಿಗೆ ಉಳಿದದ್ದು ಸಾಹೇಬರ ಬಾಗಿಲ ಹೊರಗಿನ ಸ್ಟೂಲು. ಬೆಳಿಗ್ಗೆ ಬಂದು ಅದರ ಮೇಲೆ ಕೂರುತ್ತಿದ್ದ, ಸಂಜೆ ಏಳುತ್ತಿದ್ದ. ಕೂತಲ್ಲೇ ಅವನ ಬಲಗಾಲು ಆಗಾಗ ಬ್ರೇಕು ಒತ್ತುತ್ತಿತ್ತು. ಇದನ್ನು ಕಣ್ಣಾರೆ ಕಂಡವನು ನಾನು, ಆ ಕಚೇರಿಯ ಹೆಡ್ ಕ್ಲಾರ್ಕು. ಮತ್ತು ಗ್ರಹಚಾರಕ್ಕೆ ಕ್ವಾರ್ಟರ್ಸಿನಲ್ಲಿ ಅವನ ಹಿಂದಿನ ಮನೆಯವನು.

ಕಳಕಪ್ಪ ಐವತ್ತು ದಾಟಿದ ಒಂಟಿ ಮನುಷ್ಯ. ಕಾಲೊನಿಯಲ್ಲಿ ಅರ್ಧ ಮನೆಗಳು ಖಾಲಿಯಾಗಿದ್ದವು, ಅವನ ಸಾಲಿನಲ್ಲಂತೂ ದೀಪ ಹತ್ತುತ್ತಿದ್ದದ್ದು ಅವನದೊಂದೇ ಮನೆಯಲ್ಲಿ. ಲಗ್ನ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವನು ಒಂದೇ ಮಾತು ಹೇಳುತ್ತಿದ್ದ: "ಪಾಟಾ ಮುರೀತ್ರಿ."

ಪಾಟಾ ಎಂದರೆ ಗಾಡಿಯ ಕೆಳಗೆ, ಗಾಲಿಯ ಹತ್ತಿರ, ಒಂದರ ಮೇಲೊಂದು ಪೇರಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು. ಗಾಡಿ ತಗ್ಗಿನಲ್ಲಿ ಬಿದ್ದರೂ ಒಳಗೆ ಕೂತವರ ಸೊಂಟ ಉಳಿಯುವುದು ಅವುಗಳ ದಯೆಯಿಂದ. ಕಳಕಪ್ಪನ ಪ್ರಾಯದ ಕಾಲದಲ್ಲಿ ಅವನ ಅಕ್ಕ ಪಾರಮ್ಮ, ಯಲಬುರ್ಗಾದಾಕೆ, ಕುಷ್ಟಗಿಯಲ್ಲಿ ತನ್ನ ಗಂಡನ ಕಡೆಯ ಒಂದು ಕನ್ಯೆ ಗೊತ್ತು ಮಾಡಿದ್ದಳು. ಕನ್ಯೆಯ ಮನೆಯ ಪಡಸಾಲೆಯಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕೂತು ತಮ್ಮನ ದಾರಿ ಕಾದಳು. ತಮ್ಮ ಸಾಹೇಬರ ಅಪ್ಪಣೆ ಪಡೆದು, ಜೀಪು ತೊಳೆದು, ತಾನೂ ತೊಳೆದುಕೊಂಡು ಹೊರಟ. ಬೂದಗುಂಪಾ ದಾಟಿದ ಮೇಲೆ ಹಿಂದಿನ ಎಡಗಡೆ ಪಾಟಾ ಮುರಿಯಿತು. ಅವನು ಕುಷ್ಟಗಿ ಮುಟ್ಟುವಾಗ ಮರುದಿನದ ಬಿಸಿಲು ಏರಿತ್ತು. ಹುಡುಗನಿಗೆ ಮನಸ್ಸಿಲ್ಲ ಎಂದು ಕನ್ಯೆ ಮನೆಯವರು ತೀರ್ಮಾನಿಸಿದರು. ಪಾರಮ್ಮನೂ ಹಾಗೇ ತೀರ್ಮಾನಿಸಿದಳು.

"ಪಾಟಾ ಮುರದ್ರ ಗಾಡಿ ನಿಲ್ಲತೈತೇನು? ಮುರದ ಪಾಟಾದಾಗ ಎಷ್ಟ ಬಸ್ಸು ಯಲಬುರ್ಗಾಕ್ಕ ಬರ್ತಾವ, ನಾ ನೋಡಿಲ್ಲೇನು? ನಾಕ ಮಂದ್ಯಾಗ ನನ್ನ ಮುಖಕ್ಕ ಮಸಿ ಬಳದಿ," ಎಂದ ಅವಳು ಅಂದಿನಿಂದ ತಮ್ಮನ ಹೊಸ್ತಿಲು ತುಳಿಯಲಿಲ್ಲ. ವರ್ಷಾ ವರ್ಷಾ ನಾಗರ ಪಂಚಮಿಗೆ, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬಕ್ಕೆ, ಅಕ್ಕನನ್ನು ಕರೆತರಲು ಕಳಕಪ್ಪ ಯಲಬುರ್ಗಾಕ್ಕೆ ಹೋಗುತ್ತಿದ್ದ. ಅವಳು ಬಾಗಿಲಲ್ಲೇ ಡಬ್ಬಿ ತುಂಬ ಉಂಡಿ ಕೊಟ್ಟು, "ಈ ಸಲಾನೂ ಪಾಟಾ ಛಲೋ ಐತಲ್ಲ?" ಎಂದು ಕೇಳಿ ತಿರುಗಿ ಕಳಿಸುತ್ತಿದ್ದಳು. ಅವನು ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಮರುದಿನ ಕಚೇರಿಯಲ್ಲಿ ಉಂಡಿ ಹಂಚುವಾಗ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಉಂಡಿ ಮಾತ್ರ ಚೆನ್ನಾಗಿರುತ್ತಿದ್ದವು, ನಾವು ತಿನ್ನುತ್ತಿದ್ದೆವು.

ಇಂಥವನ ಬಾಳಿನಲ್ಲಿ ಸಾಹೇಬರ ಗಾಜಿನ ಪೆಟ್ಟಿಗೆ ಬಂತು. ಅದರೊಳಗೆ ಯಾರೋ ಪರದೇಶದ ನೆಂಟರು ಕಳಿಸಿದ ಆಟಿಗೆ ಕಾರು. ಮೊಳದುದ್ದ, ಕೆಂಪು ಬಣ್ಣ, ಬಾಗಿಲು ತೆಗೆಯುತ್ತಿತ್ತು, ಸ್ಟೇರಿಂಗು ತಿರುಗುತ್ತಿತ್ತು. ಸಾಹೇಬರು ಅದನ್ನು ಕಚೇರಿಗೆ ತಂದು ಎಲ್ಲರಿಗೂ ತೋರಿಸಿದರು. ಹೆಡ್ ಕ್ಲಾರ್ಕನಾದ ನಾನು ಎಷ್ಟು ಹೊಗಳಬೇಕೋ ಅಷ್ಟು ಹೊಗಳಿದೆ. ಕಳಕಪ್ಪ ಅದನ್ನು ಕೈಗೆ ತೆಗೆದುಕೊಂಡವನೇ ಮಗುಚಿ ಹೊಟ್ಟೆ ನೋಡಿದ.

"ಕೆಳಗ ಪಾಟಾನ ಇಲ್ರೀ ಸಾಹೇಬ್ರ," ಎಂದ.

"ಆಟಿಗಿ ಸಾಮಾನಿಗೆ ಪಾಟಾ ಯಾಕೋ? ಕೆಳಗ ಯಾರ್ ನೋಡ್ತಾರ?"

"ನಾ ನೋಡ್ತೀನ್ರಿ. ನಾ ಮಾಡಿದ್ರ ಪಾಟಾ ಸಮೇತ ಮಾಡ್ತಿದ್ದೆ."

"ಹಂಗಾರ ಮಾಡಿ ತೋರ್ಸು," ಎಂದರು ಸಾಹೇಬರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸಾಹೇಬರು ನಕ್ಕಾಗ ನಗುವುದು ನನ್ನ ಕೆಲಸದ ಭಾಗ. ಕಳಕಪ್ಪ ಒಬ್ಬನೇ ನಗಲಿಲ್ಲ. ಅವನು ಆಗಲೇ ಮನಸ್ಸಿನಲ್ಲಿ ಅಳತೆ ಹಾಕುತ್ತಿದ್ದ. ನಮ್ಮ ಜೀಪನ್ನೇ, ಐದನೇ ಒಂದು ಪಾಲಿನ ಅಳತೆಗೆ ಇಳಿಸಿ ಮಾಡುವುದೆಂದು ಅವತ್ತು ಸ್ಟೂಲಿನ ಮೇಲೇ ತೀರ್ಮಾನವಾಯಿತಂತೆ. ಯಾರಿಗೂ ಹೇಳಬಾರದು ಎಂದೂ ತೀರ್ಮಾನವಾಯಿತು. ಐವತ್ತು ದಾಟಿದ ಗಂಡಸು ಒಳಕೋಣೆಯಲ್ಲಿ ಕೂತು ಜೀಪು ಆಡುತ್ತಾನೆಂದು ತಿಳಿದರೆ ಮುನಿರಾಬಾದ್ ಅವನನ್ನು ಬಿಡುತ್ತಿತ್ತೇ?

ಪಾಟಾಕ್ಕೆ ಉಕ್ಕು ಬೇಕಿತ್ತು. ಗಂಗಾವತಿಯ ಕಟ್ಟಿಗೆ ಅಡ್ಡೆಯಲ್ಲಿ ಮುರಿದು ಬಿದ್ದ ಗರಗಸದ ಪಟ್ಟಿ ಆಯ್ದುಕೊಂಡು ಅವನು ಮಲಿಕಸಾಬನ ಬಳಿ ಹೋದ. ಮಲಿಕಸಾಬ ಅಲ್ಲಿಯ ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಪಾಟಾ ಕಟ್ಟುವವನು. ಆನೆಯಂಥ ಭತ್ತದ ಲಾರಿಗಳನ್ನು ಎತ್ತಿ ನಿಲ್ಲಿಸಿ ಕೆಳಗೆ ನುಗ್ಗುವ ಆ ಮನುಷ್ಯ, ಕಳಕಪ್ಪ ಕರವಸ್ತ್ರದಲ್ಲಿ ಕಟ್ಟಿ ತಂದ ಬೆರಳಗಲದ ಪಟ್ಟಿಯನ್ನು ಅಂಗೈ ಮೇಲಿಟ್ಟು ತಿರುವಿ ನೋಡಿದ.

"ಕಳಕಪ್ಪಣ್ಣಾ, ಇದು ಯಾವ ಗಾಡೀದು? ಇರುವಿ ಗಾಡೀದೇನು?"

"ಜೀಪಿಂದು. ಕಣ್ಣು ಸುತ್ತಬೇಕು, ಕಾಸಿ ಎಣ್ಣ್ಯಾಗ ಅದ್ದಬೇಕು. ನಿನ್ನ ಭಟ್ಟಿ ದೊಡ್ಡದು, ಸುಟ್ಟ ಹೋಕ್ಕಾವ. ಹೆಂಗ ಕಾಸ್ಬೇಕು ಹೇಳು, ನಾ ಮನ್ಯಾಗ ಮಾಡ್ಕೋತೀನಿ."

"ಇದ್ದಲಿ ಅಗ್ಗಿಷ್ಟಿಗಿ ಹಚ್ಚು. ಜ್ವಾಳದ ರೊಟ್ಟಿ ಸುಡೋವಷ್ಟ ತಾಳ್ಮಿ ಇರಬೇಕು. ಅವಸರ ಮಾಡಿದ್ರ ಹಪ್ಪಳಾಗತೈತಿ," ಎಂದ ಮಲಿಕಸಾಬ. ಕಳಕಪ್ಪ ಹೊರಟ ಮೇಲೆ ಅವನು ತನ್ನ ಕೈ ಕೆಳಗಿನವರಿಗೆ, "ಪಾಪ, ಜೀಪ್ ಹೋದ ಮ್ಯಾಲ ಹಿಂಗಾಗ್ಯಾನ," ಎಂದನಂತೆ. ಆದರೂ ಪಟ್ಟಿಯ ತುದಿಯಲ್ಲಿ ಪಿನ್ನು ತೂರುವ ಬಳೆಯನ್ನು, ಅಂದರೆ ಪಾಟಾದ ಕಣ್ಣನ್ನು, ಸುತ್ತಲು ಒಂದು ಸಣ್ಣ ಕಬ್ಬಿಣದ ಗುಂಡು ಕಡೆದು ಕೊಟ್ಟು ಕಳಿಸಿದ.

ಹೀಗೆ ಕಳಕಪ್ಪನ ಮನೆಯಿಂದ ದಿನಾ ಸಂಜೆ ಇದ್ದಲಿನ ಹೊಗೆ ಏಳತೊಡಗಿತು. ಮೊದಲ ಅನರ್ಥ ಇದು. ನಮ್ಮ ಕಡೆ ಚಳಿಯಿಲ್ಲದ ದಿನಗಳಲ್ಲಿ ಒಳಕೋಣೆಯಲ್ಲಿ ಇದ್ದಲಿ ಅಗ್ಗಿಷ್ಟಿಗೆ ಹಚ್ಚುವುದು ಒಂದೇ ಕಾರಣಕ್ಕೆ: ಮನೆಯಲ್ಲಿ ಬಾಣಂತಿ ಇದ್ದಾಗ.

ಎರಡನೇ ಅನರ್ಥ ರೆಹಮಾನನ ಔಷಧ ಅಂಗಡಿಯಲ್ಲಿ ನಡೆಯಿತು. ಜೀಪಿನ ಕುಲುಕು ತಡೆಯುವ ಶಾಕಬ್ಸರ್ ಮಾಡಲು ಕಳಕಪ್ಪನಿಗೆ ಸೂಜಿಯಿಲ್ಲದ ಸಿರಿಂಜುಗಳು ಬೇಕಾಗಿದ್ದವು. ಅವುಗಳಲ್ಲಿ ತುಂಬಲು ದಪ್ಪನೆಯ ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಪಾಟಾದ ಕಣ್ಣಿನಲ್ಲಿ ಕೂರಿಸಲು ಮೆತ್ತನೆಯ ರಬ್ಬರು. ಅಂಥ ರಬ್ಬರು ಮುನಿರಾಬಾದಿನಲ್ಲಿ ಸಿಗುವುದು ಕೂಸಿನ ಹಾಲಿನ ಬಾಟಲಿಯ ನಿಪ್ಪಲಿನಲ್ಲಿ ಮಾತ್ರ.

"ನಿಪ್ಪಲ್ ಕೊಡು. ನಾಕೈದ ಕೊಡು," ಎಂದ ಕಳಕಪ್ಪ.

"ಬಾಟ್ಲಿ ಬ್ಯಾಡೇನ್ರಿ?"

"ಬಾಟ್ಲಿ ತಗೊಂಡು ಏನ್ ಮಾಡ್ಲಿ?"

ರೆಹಮಾನ ಎಣ್ಣೆಯ ಸೀಸೆಯನ್ನು ಕಾಗದದಲ್ಲಿ ಸುತ್ತುತ್ತ, "ಯಾರಿಗ್ರೀ ಇದೆಲ್ಲಾ?" ಎಂದು ಕೇಳಿದ. ಕಳಕಪ್ಪನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಅವನು ಕಿವಿಯವರೆಗೆ ಕೆಂಪಾಗಿ, ಸಾಮಾನು ಕಸಿದುಕೊಂಡು, ಉಳಿದ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟುಹೋದ. ಆ ಚಿಲ್ಲರೆಯನ್ನು ಕೊಟ್ಟು ಕಳಿಸಲು ರೆಹಮಾನ ಆರಿಸಿದ್ದು ತಲೆನೋವಿನ ಗುಳಿಗೆಗೆ ಬಂದಿದ್ದ ನನ್ನ ಹೆಂಡತಿ ಶಾಂತಾಳನ್ನು. ಕಾಲೊನಿಗೆ ಅವಳು ಶಾಂತಕ್ಕ. ಅವಳ ಕೈಗೆ ಚಿಲ್ಲರೆ ಕೊಟ್ಟು, ಕಿವಿಗೆ ನಿಪ್ಪಲಿನ ಸಂಗತಿ ಹಾಕಿದ. ಅವಳ ತಲೆನೋವು ಗುಳಿಗೆ ನುಂಗುವ ಮೊದಲೇ ಬಿಟ್ಟುಹೋಯಿತು.

ನನ್ನ ಹೆಂಡತಿ ಪರರ ಮನೆಯ ಕಿಟಕಿಯಲ್ಲಿ ಇಣುಕುವವಳಲ್ಲ. ಇದನ್ನು ನಾನು ಯಾವ ಕಟಕಟೆಯಲ್ಲಿ ನಿಂತೂ ಹೇಳಬಲ್ಲೆ. ಅವಳು ಹಿತ್ತಲ ಗೋಡೆಯ ಮೇಲೆ ಒಣಹಾಕಿದ ಹಪ್ಪಳ ತೆಗೆಯಲು ಹೋಗಿದ್ದಳು, ಕಿಟಕಿ ಎದುರಿಗಿತ್ತು, ಅಷ್ಟೆ. ಹಪ್ಪಳ ಎಂಟಿದ್ದವು, ತೆಗೆಯಲು ಅರ್ಧ ತಾಸು ಹಿಡಿಯಿತು. ತಿರುಗಿ ಬಂದವಳು ನನ್ನ ಮುಂದೆ ಕೂತಳು.

"ನೋಡ್ರಿ, ಅಂವ ನೆಲದ ಮ್ಯಾಲ ಕುಂತಾನ. ಮುಂದ ಬಿಳಿ ಅರಿವ್ಯಾಗ ಸುತ್ತಿದ್ದು, ಇಷ್ಟದ್ದ ಐತಿ. ಮೆಲ್ಲಕ ಒತ್ತತಾನ, ಅದು ಮೆಲ್ಲಕ ಎದ್ದ ಎದ್ದ ಕುಣೀತೈತಿ. ಕುಂಯ್ ಅಂತು. ಅಂವ ಕಿವಿ ಹಚ್ಚಿ ಕೇಳಿದ. ಬೆರಳಿಗೆ ಔಡಲ ಎಣ್ಣಿ ಹಚ್ಚಿ ಸವರಿದ. ಸುಮ್ನಾತು."

"ಆಮ್ಯಾಲ?"

"ಆಮ್ಯಾಲ ನಕ್ಕ್ರೀ. ಒಬ್ಬನ ಕುಂತು ನಕ್ಕ. ಇಷ್ಟ ವರ್ಷಾತು, ಅಂವ ನಕ್ಕದ್ದ ನಾ ನೋಡೇ ಇಲ್ಲ." ಹೀಗೆಂದು ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಪ್ಪಳ ಎಣಿಸಿದೆ.

ಅವಳು ಕಂಡದ್ದೆಲ್ಲ ನಿಜ. ಜೀಪಿನ ಭಾರಕ್ಕೆ ಪಾಟಾ ಎಷ್ಟು ಬಾಗುತ್ತದೆಂದು ನೋಡಲು ಕಳಕಪ್ಪ ಲೆಕ್ಕ ಹಾಕಿ ಅಷ್ಟು ಜೋಳವನ್ನು ಹಳೆಯ ಧೋತರದಲ್ಲಿ ಕಟ್ಟಿ ಮೇಲೆ ಇಟ್ಟಿದ್ದ. ಅಳತೆಯನ್ನು ಐದನೇ ಒಂದಕ್ಕೆ ಇಳಿಸಿದರೆ ತೂಕ ಎಷ್ಟಕ್ಕೆ ಇಳಿಯುತ್ತದೆ ಎಂಬುದು ದೊಡ್ಡ ಗಣಿತ, ನನಗೆ ತಿಳಿಯುವುದಿಲ್ಲ. ಜೀಪು ತುಂಬ ಕೂತ ಜನರ ಭಾರ ಆ ಲೆಕ್ಕದಲ್ಲಿ ಮೂರು ಕಿಲೋದ ಮೇಲೆ ಸ್ವಲ್ಪ ಬಂದಿತ್ತು. ಆಗತಾನೆ ಹುಟ್ಟಿದ ಕೂಸಿನ ತೂಕವೂ ಅದೇ ಆದದ್ದಕ್ಕೆ ಅವನೇನು ಮಾಡಬೇಕು?

ಸಂಗತಿ ಹೊಳಿಯಮ್ಮನ ಬಳಿಗೆ ಹೋಯಿತು. ಹೊಳಿಯಮ್ಮ ಕಾಲೊನಿಯ ದವಾಖಾನೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದ ಮುದುಕಿ. ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಅಂಗೈ ಮೇಲೆ. ಅವಳು ಕಳಕಪ್ಪನ ಬಾಗಿಲ ಮುಂದೆ ಒಮ್ಮೆ ಹಾದುಹೋಗಿ, ಮೂಗೆತ್ತಿ ಉಸಿರೆಳೆದು, ತೀರ್ಪು ಕೊಟ್ಟಳು.

"ಇದ್ದಲಿ ಹೊಗಿ, ಔಡಲ ಎಣ್ಣಿ. ಇದು ಬಾಣಂತಿ ಮನಿ ವಾಸನಿ. ನನ್ನ ಮೂಗು ಎಂದೂ ಸುಳ್ಳ ಹೇಳಿಲ್ಲ."

ತಾಯಿ ಯಾರು, ಎಲ್ಲಿ ಎಂಬುದಕ್ಕೆ ಕಾಲೊನಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಾರೋ ಕೂಸನ್ನು ಕಾಲುವೆ ದಂಡೆಯಲ್ಲಿ ಬಿಟ್ಟುಹೋಗಿರಬೇಕು ಎಂದರು ಕೆಲವರು. ಕುಷ್ಟಗಿಯ ಆ ಹಳೆಯ ಕನ್ಯೆಯ ಹೆಸರನ್ನೂ ಎಳೆದರು. ಆಕೆಗೆ ಆಗಲೇ ಮೊಮ್ಮಕ್ಕಳಿದ್ದರೂ ಬಿಡಲಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳ ಸ್ವಭಾವ ನೋಡಿ, ಕೂಸು ಯಾರದೆಂದು ಬೈಯುತ್ತ ಬೈಯುತ್ತಲೇ ಒಲೆ ಹಚ್ಚಿ ಬಾಣಂತಿಗೆ ಕೊಡುವ ಅಂಟಿನುಂಡಿ ಕಟ್ಟಿದರು.

ಕಳಕಪ್ಪನ ಬಾಗಿಲು ಬಡಿಯುವ ಸದ್ದು ಕೇಳತೊಡಗಿತು. ಸಂಜೆ ಯಾರಾದರೊಬ್ಬರು ಬಟ್ಟಲು ಹಿಡಿದು ಬರುತ್ತಿದ್ದರು. ಸಬ್ಬಸಗಿ ಪಲ್ಲೆ, ಬೆಳ್ಳುಳ್ಳಿ ಚಟ್ನಿ, ತುಪ್ಪದಲ್ಲಿ ಕರಿದ ಅಂಟು, ಎಲ್ಲ ಬಾಣಂತಿಯ ಊಟ. ಜೀಪು ಹೋದಮೇಲೆ ತಾನು ಸೊರಗಿದ್ದನ್ನು ಕಂಡು ಜನ ಮರುಗುತ್ತಿದ್ದಾರೆಂದು ಕಳಕಪ್ಪ ತಿಳಿದ. ತಿಂದ. ಕೆನ್ನೆ ತುಂಬಿಕೊಂಡ. ಮುಂದಿನ ಕೋಣೆಗೆ ಸುಣ್ಣ ಹೊಡೆದ, ಬಂದವರಿಗೆಂದು ಎರಡು ಕುರ್ಚಿ ತಂದ, ಹೊಸ ಕಪ್-ಬಸಿ ಕೊಂಡ. ಅಲ್ಲಿಯವರೆಗೆ ಅವನ ಮನೆಯಲ್ಲಿ ಒಂದೇ ಲೋಟ ಇತ್ತು. ಸಂಜೆಯಾದರೆ ಕುರ್ಚಿ ಒರೆಸಿ, ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ. ಯಾರೂ ಬಾರದ ಸಂಜೆ ಬಾಗಿಲು ತೆಗೆದು ಹೊರಗೆ ನೋಡಿ, ಮತ್ತೆ ಮುಚ್ಚುತ್ತಿದ್ದ. ಒಳಕೋಣೆಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ಬಂದವರೂ ಮರ್ಯಾದೆಗೆ ಅಂಜಿ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಸುದ್ದಿ ಕಚೇರಿಗೆ ತಲುಪಿತು. ಕ್ವಾರ್ಟರ್ಸ್ ನೋಡಿಕೊಳ್ಳುವ ಜೆ.ಇ. ಗೋವಿಂದರಾಜ ಹೊಸ ಹುಡುಗ, ನಿಯಮದ ಮೇಲೆ ಭಕ್ತಿ ಇನ್ನೂ ಆರಿರಲಿಲ್ಲ. ಒಂಟಿ ನೌಕರನ ಮನೆಯಲ್ಲಿ ಕುಟುಂಬವಿದ್ದರೆ ವಿಚಾರಣೆಯಾಗಬೇಕು ಎಂದು ನನ್ನನ್ನೂ ಎಳೆದುಕೊಂಡು ಹೋದ. ಬಾಗಿಲು ತೆಗೆದ ಕಳಕಪ್ಪ ಸರಕಾರವೇ ಬಂದು ನಿಂತದ್ದು ಕಂಡು ಬೆವೆತ. ಹರಾಜಿನ ದಿನ ಜೀಪಿನ ಹಾರ್ನ್ ಬಟನ್ನನ್ನು ಬಿಚ್ಚಿ ತಂದ ಪಾಪ ಅವನ ಎದೆಯ ಮೇಲಿತ್ತು.

"ಏನಪಾ, ಮನ್ಯಾಗ ಬ್ಯಾರೆ ಯಾರೋ ಅದಾರಂತ," ಎಂದ ಗೋವಿಂದರಾಜ.

ಕಳಕಪ್ಪನ ಕಿವಿಗೆ ಆ ಮಾತೇ ಬೀಳಲಿಲ್ಲ. "ತಪ್ಪಾತ್ರಿ ಸಾಹೇಬ್ರ. ಹರಾಜಿನ ದಿನ ಎಲ್ಲಾರ ಕಣ್ಣ ತಪ್ಪಿಸಿ ತಂದೀನ್ರಿ. ಬಿಟ್ಟಿರಾಕ ಆಗಲಿಲ್ಲ."

ಗೋವಿಂದರಾಜನ ಮುಖ ಬಿಳಿಚಿಕೊಂಡಿತು. "ಹರಾಜಿಗಿತ್ತಾ? ಎಲ್ಲಿ? ಪೋಲೀಸರಿಗೆ ಗೊತ್ತದೇನು?"

"ಇದೊಂದ ತಗೊಂಡೀನ್ರಿ, ಬ್ಯಾರೆ ಏನೂ ಮುಟ್ಟಿಲ್ಲ," ಎಂದು ಕಳಕಪ್ಪ ಅಂಗಿಯ ಕಿಸೆಯಿಂದ ಹಾರ್ನ್ ಬಟನ್ನು ತೆಗೆದು ಸರಕಾರದ ಕೈಯಲ್ಲಿಟ್ಟ. ಸರಕಾರ ಅದನ್ನು ಹಿಂದೆ ಮುಂದೆ ತಿರುವಿ ನೋಡಿತು. ಇನ್ನು ಸುಮ್ಮನಿರುವುದು ಸಾಧ್ಯವಿಲ್ಲವೆಂದು ನಾನೇ ಹೋಗಿ ಒಳಕೋಣೆಯ ಬಾಗಿಲು ತಳ್ಳಿದೆ.

ಹಲಗೆಯ ಮೇಲೆ ಜೀಪಿತ್ತು. ಮೈಗೆ ಇನ್ನೂ ತಗಡು ಹೊದಿಸಿರಲಿಲ್ಲ, ಹಿಂದಿನ ಮಡ್‌ಗಾರ್ಡು ಮಾತ್ರ ಕೂತಿತ್ತು. ಆದರೆ ಕೆಳಗೆ ನಾಲ್ಕೂ ಗಾಲಿಗೆ ನಾಲ್ಕು ಪಾಟಾ ಕಟ್ಟು, ಉದ್ದದ ಮೇನ್ ಪಾಟಾದಿಂದ ಗಿಡ್ಡ ಪಟ್ಟಿಯವರೆಗೆ ಕ್ರಮವಾಗಿ ಜೋಡಿಸಿ, ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಬೋಲ್ಟಿನಿಂದ ಬಿಗಿದದ್ದು. ಒಂದೊಂದು ನಟ್ಟು ಜೋಳದ ಕಾಳಿನಷ್ಟು. ಬೆರಳಿನಿಂದ ಒತ್ತಿದರೆ ಸಿರಿಂಜಿನ ಶಾಕಬ್ಸರ್ ಎಣ್ಣೆಯೊಳಗೆ ಮೆಲ್ಲಗೆ ಇಳಿದು ಮೆಲ್ಲಗೆ ಏರುತ್ತಿತ್ತು. ಗೋವಿಂದರಾಜ ಇಸ್ತ್ರಿ ಮಾಡಿದ ಪ್ಯಾಂಟು ಮರೆತು ನೆಲದ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ ಜೀಪಿನ ಕೆಳಗೆ ನೋಡಿದ. ಬಹಳ ಹೊತ್ತಿನ ಮೇಲೆ ಎದ್ದು, ಹಾರ್ನ್ ಬಟನ್ನನ್ನು ತಿರುಗಿ ಕಳಕಪ್ಪನ ಕೈಗೆ ಕೊಟ್ಟ.

"ಇದು ಕುಟುಂಬದ ಲೆಕ್ಕಕ್ಕ ಬರಾಂಗಿಲ್ಲ," ಎಂದು ಹೊರಟುಹೋದ.

ಕಳಕಪ್ಪನಿಗೆ ಸಂಗತಿ ತಿಳಿಸುವುದು ನನ್ನ ಪಾಲಿಗೆ ಬಂತು. ನಿಪ್ಪಲಿನಿಂದ ಹಿಡಿದು ಹೊಳಿಯಮ್ಮನ ಮೂಗಿನವರೆಗೆ ಎಲ್ಲ ಹೇಳಿದೆ. ಅವನು ಕೇಳುತ್ತ ಕೇಳುತ್ತ ಹೊಸ ಕುರ್ಚಿಯ ಮೇಲೆ ಕುಸಿದ.

"ಹಂಗಾರ ಅವರೆಲ್ಲಾ ನನ್ನ ನೋಡಾಕ ಬರ್ತಿರಲಿಲ್ಲೇನ್ರಿ ಸರ?"

ನಾನು ಬಸಿಯಲ್ಲಿ ಚಹಾ ಆರಿಸಿದೆ.

"ನಾಳೆ ನಾನ ಎಲ್ಲಾರಿಗೂ ಹೇಳ್ತೀನ್ರಿ," ಎಂದ. ಪಕ್ಕದ ಕುರ್ಚಿಯ ಧೂಳು ಒರೆಸುತ್ತ ಕೇಳಿದ, "ಹೇಳಿದ ಮ್ಯಾಲ ಮತ್ತ ಯಾರೂ ಬರಾಂಗಿಲ್ಲಲ್ಲಾ?"

ನಾನು ಬಸಿ ಕೆಳಗಿಟ್ಟೆ. ಮನೆಗೆ ಬಂದೆ. ಶಾಂತಾ ದೀಪದ ಕೆಳಗೆ ಕೂತು ಕೂಸಿನ ತಲೆಗೆ ಕುಂಚಿಗೆ ಹೊಲಿಯುತ್ತಿದ್ದಳು, ಹಸಿರು ಖಣಕ್ಕೆ ಕೆಂಪು ಅಂಚು. ಅವಳಿಗೆ ನಾನು ಏನೂ ಹೇಳಲಿಲ್ಲ. ಹೊಲಿಗೆ ಇನ್ನೂ ಅರ್ಧವಾಗಿತ್ತು.

ಮರುದಿನ ಕಳಕಪ್ಪ ಬಾಯಿ ಬಿಡುವ ಮೊದಲೇ ಯಲಬುರ್ಗಾದ ಬಸ್ಸು ಬಂತು. ಆ ಬಸ್ಸಿನ ಕಂಡಕ್ಟರನ ಹೆಂಡತಿ ನಮ್ಮ ಕಾಲೊನಿಯವಳು. ಇಷ್ಟು ಹೇಳಿದರೆ ಸಾಕು. ಬಸ್ಸಿನಿಂದ ಪಾರಮ್ಮ ಇಳಿದಳು. ಇಳಕಲ್ಲ ಸೀರೆ, ತಲೆಯ ಮೇಲೆ ಗಂಟು, ಗಂಟಿನಲ್ಲಿ ತೊಟ್ಟಿಲಿಗೆ ಹಾಸುವ ಕೌದಿ, ಬೆಲ್ಲ, ಗುಗ್ಗರಿಗೆ ನೆನೆಸಿದ ಕಡಲೆ. ಪಂಚಮಿ ಇನ್ನೊಂದು ವಾರವಿತ್ತು. ಕಳಕಪ್ಪನ ಹೊಸ್ತಿಲ ಮುಂದೆ ಬಂದು ನಿಂತಾಗ ಅವಳ ಹಿಂದೆ ಅರ್ಧ ಕಾಲೊನಿ ನಿಂತಿತ್ತು.

"ಈ ಹೊಸ್ತಿಲಾ ತುಳ್ಯಾಂಗಿಲ್ಲ ಅಂದಿದ್ದೆ. ಬಂದೀನಿ. ನಿನಗಂತ ಬಂದಿಲ್ಲ, ತಿಳೀತಿಲ್ಲೋ? ಹೆಂಗ ಹುಟ್ಟಿದ್ರೂ ಕೂಸು ಕೂಸ. ಅದರ ಕಿವ್ಯಾಗ ಹೆಸರ ಹೇಳಾಕ ಸ್ವಾದರತ್ತಿ ನಾನ ಇರೂದು. ಆ ಹಕ್ಕು ನಾ ಯಾರಿಗೂ ಬಿಡಾಂಗಿಲ್ಲ."

"ಯಕ್ಕಾ, ಕೂಸಿಲ್ಲಬೇ."

"ಮುಚ್ಚಿಡಬ್ಯಾಡ. ಎಲ್ಲಾರಿಗೂ ಗೊತ್ತೈತಿ."

"ಖರೇನ ಇಲ್ಲಬೇ ಯಕ್ಕಾ."

ಅವಳು ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದಳು. ಹಿಂದೆ ಹೊಳಿಯಮ್ಮ, ಅವಳ ಹಿಂದೆ ಕುಂಚಿಗೆ ಹಿಡಿದ ನನ್ನ ಹೆಂಡತಿ, ಅವರ ಹಿಂದೆ ಉಳಿದವರು. ಪಾರಮ್ಮ ಒಳಕೋಣೆಯ ಬಾಗಿಲು ತೆಗೆದು, ಹಲಗೆಯ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಸರಿಸಿದಳು. ಕೆಳಗೆ ಜೋಳದ ಗಂಟು. ಗಂಟಿನ ಕೆಳಗೆ ಜೀಪು.

ಮೊದಲು ಎಚ್ಚರಾದವಳು ಹೊಳಿಯಮ್ಮ. ಒಂದು ಜೀವಮಾನದ ಹೆಸರು ಹೋಗುವುದರಲ್ಲಿತ್ತು. "ವಾಸನಿ ಮಾತ್ರ ಖರೇನ ಬಾಣಂತಿ ಮನೀದ. ಬೇಕಾದ್ರ ಮೂಸಿ ನೋಡ್ರಿ," ಎಂದಳು. ನನ್ನ ಹೆಂಡತಿ ಕುಂಚಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನನ್ನ ಕಡೆ ನೋಡಿದ ನೋಟದಲ್ಲಿ, ನಿಮಗೆ ಮೊದಲೇ ಗೊತ್ತಿತ್ತು ಎಂದು ಬರೆದಿತ್ತು. ಅದರ ಫಲ ನಾನು ಆ ರಾತ್ರಿಯ ಊಟದಲ್ಲಿ ಉಂಡೆ.

ಪಾರಮ್ಮನ ಮುಖ ಕೆಂಡವಾಯಿತು. "ಜೀಪ್ ಆಡಾಕ ನನ್ನ ಯಲಬುರ್ಗಾದಿಂದ ಕರಸಿದ್ಯಾ? ಅವತ್ತ ಕುಷ್ಟಗ್ಯಾಗ ಮರ್ಯಾದಿ ಕಳದಿ. ಇವತ್ತ ಇಲ್ಲಿ ಇಷ್ಟ ಮಂದಿ ಮುಂದ. ಸಾಕಾತಿಲ್ಲೋ ನಿನಗ?" ಅವಳು ಗಂಟು ತಲೆಯ ಮೇಲೆ ಇಟ್ಟುಕೊಂಡು ಬಾಗಿಲ ಕಡೆ ತಿರುಗಿದಳು. ಜನ ದಾರಿ ಬಿಟ್ಟರು.

"ಯಕ್ಕಾ," ಎಂದ ಕಳಕಪ್ಪ. "ಹೋಗು. ಹೋಗೂ ಮುಂದ ಇದನ್ನ ಒಂದ ಸಲ ದಬ್ಬಿ ನೋಡು."

ಏನು ಅನಿಸಿತೋ, ಅವಳು ಗಂಟು ಹೊತ್ತೇ ಬಾಗಿ ಒಂದು ಕೈಯಿಂದ ಜೀಪನ್ನು ಮುಂದಕ್ಕೆ ದಬ್ಬಿದಳು. ಜೋಳದ ಭಾರ ಹೊತ್ತ ಜೀಪು ಹಲಗೆಯ ಮೇಲೆ ತೂಗುತ್ತ ಮುಂದೆ ಹೋಯಿತು. ಕಳಕಪ್ಪ ಅದನ್ನು ತಿರುಗಿ ಎಳೆದುಕೊಂಡ. ಹಿಂದಿನ ಎಡಗಡೆಗೆ ಬಾಗಿ, ಪಾಟಾದ ಕಣ್ಣಿನೊಳಗಿನ ಪಿನ್ನು ತೆಗೆದು, ಅಕ್ಕನ ಕೈಗೆ ಕೊಟ್ಟ.

"ಈ ಪಟ್ಟಿ ಮುರದ್ರ ಬಸ್ ನಡೀತಾವಕ್ಕಾ, ನೀ ಹೇಳೂದ ಖರೆ. ಮ್ಯಾಲಿಂದೊಂದ ಬಿಟ್ಟು ಯಾವ ಪಟ್ಟಿ ಮುರದ್ರೂ ನಡೀತಾವ. ನಂದು ಮುರದದ್ದು ಮ್ಯಾಲಿನ ಮೇನ್ ಪಾಟಾ, ಕಣ್ಣಿನ ಬುಡಕ್ಕ. ಈ ಪಿನ್ ತಗದಂಗ ಅದು, ಗಾಲಿ ಹಿಡಿಯಾಕ ಏನೂ ಉಳಿಯಾಂಗಿಲ್ಲ. ಈಗ ದಬ್ಬು."

ಪಾರಮ್ಮ ದಬ್ಬಿದಳು. ಅಚ್ಚು ಹಿಂದಕ್ಕೆ ಸರಿಯಿತು, ಎಡಗಾಲಿ ಓರೆಯಾಗಿ ಮಡ್‌ಗಾರ್ಡಿಗೆ ಕಚ್ಚಿಕೊಂಡಿತು. ಜೀಪು ಅಲ್ಲೇ ನಿಂತಿತು. ಅವಳು ಗಂಟು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ದಬ್ಬಿದಳು. ಹಲಗೆಯೇ ಸರಿಯಿತು, ಜೀಪು ಸರಿಯಲಿಲ್ಲ.

"ಹೋಗವಲ್ದಲ್ಲೋ," ಎಂದಳು.

"ಹೋಗಾಂಗಿಲ್ಲಕ್ಕಾ."

ಅವಳು ನೆಲದ ಮೇಲೆ ಕೂತಳು. ಒಂದು ಬೆರಳಿನಿಂದ ಕಚ್ಚಿಕೊಂಡ ಗಾಲಿಯನ್ನು ಮುಟ್ಟಿ ನೋಡಿದಳು. "ರಾತ್ರಿ ಎಲ್ಲಿದ್ದಿ ಹಂಗಾರ?"

"ಜೀಪಿನ ಕೆಳಗ. ಪಾಟಾ ಬಿಚ್ಚಾಕತ್ತಿದ್ದೆ."

"ಉಂಡಿದ್ದೇನು?"

"ಎಲ್ಲೀ ಊಟ."

"ಅಲ್ಲೋ ತಮ್ಮಾ, ನಾ ನಿನ್ನ ಮಾತ ನಂಬಲಿಲ್ಲಲ್ಲೋ," ಎಂದು ಪಾರಮ್ಮ ಎಲ್ಲರ ಮುಂದೆ ಅತ್ತಳು. "ಇಷ್ಟ ವರ್ಷ ನಿನ್ನ ಬಾಗಲಾದಾಗ ನಿಂದರಿಸಿ ಉಂಡಿ ಕೊಟ್ಟ ಕಳಿಸಿದೆ." ಕಳಕಪ್ಪನೂ ಅತ್ತ. ಆಮೇಲೆ ಯಾರು ಯಾರು ಅತ್ತರೆಂದು ನಾನು ನೋಡಲಿಲ್ಲ, ನನ್ನ ಕನ್ನಡಕ ಮಸುಕಾಗಿತ್ತು.

ಇಷ್ಟಕ್ಕೆ ಎಲ್ಲರೂ ಮನೆಗೆ ಹೋಗಬೇಕಿತ್ತು. ಹೊಳಿಯಮ್ಮ ಬಿಡಲಿಲ್ಲ. ಗುಗ್ಗರಿ ನೆನೆದಿದೆ, ಅತ್ತೆ ಬಂದಿದ್ದಾಳೆ, ಮುತ್ತೈದೆಯರು ಕೂಡಿದ್ದಾರೆ. ಬಂದ ಕಾರ್ಯವನ್ನು ಹಾಗೇ ಬಿಟ್ಟು ಹೋಗಬಾರದು ಎಂದು ಹಟ ಹಿಡಿದಳು. ತನ್ನ ಮೂಗಿನ ಮಾನ ಉಳಿಯಲು ಬೇರೆ ದಾರಿಯೂ ಇರಲಿಲ್ಲ. ಜೀಪಿಗೆ ಕೌದಿ ಹಾಸಿದರು. ಶಾಂತಾ ಕುಂಚಿಗೆ ತೊಡಿಸಿದಳು. ಬಾನೆಟ್ಟು ಬರಬೇಕಾದ ಜಾಗಕ್ಕೆ ಅದು ಅಳೆದು ಹೊಲಿದಂತೆ ಕೂತಿತು. ಪಾರಮ್ಮ ಕಣ್ಣೊರೆಸಿಕೊಂಡು ಬಾಗಿ, ಅದರ ಕಿವಿ ಎಲ್ಲಿದೆಯೆಂದು ಒಂದು ಕ್ಷಣ ಹುಡುಕಿ, "ಕುರ್ರ್" ಎಂದು ಯಾರಿಗೂ ಕೇಳದಂತೆ ಒಂದು ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ನನ್ನ ಹೆಂಡತಿ. ಅವಳು ಹೊಲಿದ ಶ್ರಮ ಸಣ್ಣದಲ್ಲ.

"ಏನ್ ಹೆಸರಿಟ್ಟಿಬೇ?" ಎಂದು ಕೇಳಿದರು.

"ನಿಂತ ಗಾಡೀದು ಹೆಸರ ಹೇಳಾಂಗಿಲ್ಲ," ಎಂದಳು ಪಾರಮ್ಮ. "ಮದಲ ಪಿನ್ ಹಾಕಿ ರಿಪೇರಿ ಮಾಡ್ಲಿ. ಅದು ನಡೀಲಿ, ಆಗ ಹೇಳ್ತೀನಿ. ಅಲ್ಲೀತನಾ ಇಲ್ಲೇ ಇರ್ತೀನಿ. ಊರಾಗ ಸೊಸಿ ಅದಾಳ, ನಡಸ್ಕೋತಾಳ."

ಆಮೇಲೆ ನೋಡಿದರೆ ಪಿನ್ನಿಲ್ಲ. ಗದ್ದಲದಲ್ಲಿ ಎಲ್ಲೋ ಬಿದ್ದಿರಬೇಕು ಎಂದಳು ಪಾರಮ್ಮ. ಕಳಕಪ್ಪ ಹುಡುಕತೊಡಗಿದ. ಪಂಚಮಿ ಬಂತು, ಹೋಯಿತು. ಅಕ್ಕ ತಮ್ಮನ ಮನೆಯಲ್ಲೇ ಉಂಡಿ ಕಟ್ಟಿದಳು. ಪಿನ್ನು ಸಿಗಲಿಲ್ಲ. ಸಾಹೇಬರು ಒಮ್ಮೆ, "ಏನಾತೋ ನಿನ್ನ ಜೀಪು?" ಎಂದು ಕೇಳಿದರು. "ಒಂದ್ ಪಿನ್ನಿಗೆ ನಿಂತೈತ್ರಿ," ಎಂದ. ಸ್ಟೂಲಿನ ಮೇಲೆ ಈಗ ಅವನ ಬಲಗಾಲು ಸುಮ್ಮನಿತ್ತು, ಸಂಜೆ ಐದಕ್ಕೆ ಸರಿಯಾಗಿ ಎದ್ದು ಮನೆಗೆ ಹೋಗುತ್ತಿದ್ದ. ಒಂದು ಸೈಕಲ್ ಕಡ್ಡಿ ಕತ್ತರಿಸಿದರೆ ಹೊಸ ಪಿನ್ನು ಮಾಡಲು ಕಳಕಪ್ಪನಿಗೆ ಕಾಲು ಗಂಟೆ ಬೇಡ. ಅವನ ಮೂಲೆಯಲ್ಲಿ ಅಂಥ ಕಡ್ಡಿಗಳ ಕಟ್ಟೇ ಇತ್ತು. ಇದನ್ನು ನಾನು ಅವನಿಗೆ ಹೇಳಬೇಕೆಂದೇ ಒಂದು ರವಿವಾರ ಹೋದೆ. ಕೆಲಸ ಕೆಟ್ಟು ನಿಂತದ್ದನ್ನು ನೋಡಿದರೆ ನನಗೆ ಮೊದಲಿನಿಂದಲೂ ಸಿಟ್ಟು.

ಒಳಗೆ ರೊಟ್ಟಿ ತಟ್ಟಿದ ವಾಸನೆ ಇತ್ತು. ಕಳಕಪ್ಪ ಮಂಚದ ಕೆಳಗೆ ಅರ್ಧ ಹೊಕ್ಕು ಹುಡುಕುತ್ತಿದ್ದ. ಪಾರಮ್ಮ ಕುರ್ಚಿ ಸರಿಸಿ, "ಕುಂದರ್ರಿ, ಎಲಿ ಅಡಿಕಿ ಹಾಕ್ಕೋರಿ," ಎಂದು ಸೊಂಟದ ಸಂಚಿ ಬಿಚ್ಚಿ ನನ್ನ ಮುಂದೆ ಹಿಡಿದಳು. ಅಡಿಕೆ, ಲವಂಗ, ಸುಣ್ಣದ ಡಬ್ಬಿ. ಲವಂಗದ ನಡುವೆ ಸಣ್ಣದೊಂದು ಉಕ್ಕಿನ ಪಿನ್ನು ಹೊಳೆಯುತ್ತಿತ್ತು.

ನಾನು ಪಿನ್ನು ನೋಡಿದೆ. ಅವಳು ನಾನು ನೋಡಿದ್ದನ್ನು ನೋಡಿದಳು. ಸಂಚಿಯ ದಾರವನ್ನು ಅವಳು ಎಳೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ನಾನು ಒಂದು ಲವಂಗ ತೆಗೆದುಕೊಂಡೆ. ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಕಳಕಪ್ಪನ ಪಕ್ಕದಲ್ಲಿ ಮಂಚದ ಕೆಳಗೆ ತಲೆ ಹಾಕಿದೆ.

"ಇಲ್ಲೂ ಇಲ್ಲಪಾ ಕಳಕಪ್ಪ," ಎಂದೆ.